ಬಾಟಲಿಗೆ ತಗುಲಿದ ದೃಷ್ಟಿ

ನನ್ನ ಬಾಟಲಿಯ ಕೆಂಪು ಉಪ್ಪುನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು. ಉಪ್ಪೆಂದರೆ ಅವಕ್ಕೆ ಪ್ರಾಣ. ಈಜಾಡುವಾಗ ಕಡ್ಡಿಯಂತಿರುತ್ತವೆ, ಈಜು ಸಾಕೆನಿಸಿದರೆ ತಟ್ಟೆಯಂತೆ ಚಪ್ಪಟೆಯಾಗುತ್ತವೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಮಕ್ಕಳಿಗೆ ನಾನು ಕಡ್ಡಿಗಳನ್ನೇ ತೋರಿಸಬೇಕಿತ್ತು. ಹಿಂದಿನ ದಿನ ಹೊನ್ನೂರಿನ ಬಾಡಿಗೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಎಲ್ಲವೂ ತಟ್ಟೆ!

ನನ್ನ ಗೋಳು ಕೇಳಿದ ಮನೆಯೊಡತಿ ಮಾದಮ್ಮನಿಗೆ ಕಾರಣ ತಕ್ಷಣ ಹೊಳೆಯಿತು.

“ದಿನಾ ಒಂದು ಕಣ್ಣು ಮುಚ್ಕಂಡು ಇನ್ನೊಂದ್ರಲ್ಲಿ ಗುರಾಯಿಸ್ತಿದ್ರೆ ದೃಷ್ಟಿ ಆಗ್ದೆ ಇದ್ದದಾ ಸಾ?”

ಒಳಗಿಂದ ಒಂದು ಹಿಡಿ ಕಲ್ಲುಪ್ಪು ತಂದು ಬಾಟಲಿಗೆ ಮೂರು ಸುತ್ತು ನಿವಾಳಿಸಿದರು. ನಿವಾಳಿಸಿದ ಉಪ್ಪನ್ನು ನೀರಿಗೆ ಹಾಕುವುದು ಪದ್ಧತಿ. ಹತ್ತಿರವಿದ್ದ ನೀರು ಬಾಟಲಿಯದೇ.

“ಅಮ್ಮಾ, ಹಾಕಬೇಡಿ!” ಎಂದೆ.

“ಉಪ್ಪು ಕರಗೋ ಅಂಗೆ ದೃಷ್ಟಿನೂ ಕರಗೋಯ್ತದೆ, ಸುಮ್ಕಿರಿ ಸಾ,” ಎಂದು ಸುರಿದೇಬಿಟ್ಟರು.

ಉಪ್ಪಿನ ಅಳತೆ ಕೆಟ್ಟು ಜೀವಿಗಳೇ ಹಾಳಾದಾವೆಂಬ ಗಾಬರಿಯಲ್ಲಿ ನಾನು ಅದರಿಂದ ನಾಲ್ಕು ಹನಿ ತೆಗೆದು, ಅವುಗಳ ಹೊಸ ಆಹಾರ ಬೆರೆಸಿದ ಉಪ್ಪುನೀರಿದ್ದ ಇನ್ನೊಂದು ಬಾಟಲಿಗೆ ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ಕಡ್ಡಿಗಳು ಈಜುತ್ತಿದ್ದವು.

“ಹೊಸ ಆಹಾರದಿಂದ ಆಕಾರ ಬದಲಾಯಿತು” ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ವಿಜ್ಞಾನ ಅಷ್ಟೇ. ಆ ಮೂರು ಸುತ್ತು ಎಡಕ್ಕೋ ಬಲಕ್ಕೋ ಎಂಬುದನ್ನು ಮಾತ್ರ ಮಾದಮ್ಮನನ್ನು ಕೇಳಿಟ್ಟುಕೊಂಡಿದ್ದೇನೆ.