ನಾನು ತಿಂದ ವೀಳ್ಯ

ಮಾರ್ತಾ ಅವರಿಗೆ ಕೊಡೆಂದು ನನ್ನ ಕೈಗಿಟ್ಟ ವೀಳ್ಯವನ್ನು ನಾನೇ ತಿಂದೆ. ಇದನ್ನು ಹೆಂಡತಿಗೂ ಹೇಳಿಲ್ಲ.

ನಾನು ಗಡಿಯ ಸೂಳಗಿರಿಯ ಕನ್ನಡದವನು. ಎಪ್ಪತ್ತರ ದಶಕದಲ್ಲಿ ತರಕಾರಿ ಲಾರಿ ಹತ್ತಿ ಮದರಾಸಿಗೆ ಹೋದವನು, ಅದರಾಚೆಯ ಒಂದು ಮೀನುಗಾರರ ಊರಿನಲ್ಲಿ ಮಾರ್ತಾ ಎಂಬ ವಿದೇಶಿ ಹೆಂಗಸಿಗೆ ಅಡುಗೆಯವನಾದೆ. ಆಗ ಅಲ್ಲಿ ನಾಲ್ಕೈದು ವಿದೇಶಿಯರು ಗುಡಿಸಲು ಹಾಕಿಕೊಂಡಿದ್ದರು. ಬಲೆ ಎಳೆಯಲು ಕೈ ಕೊಡುತ್ತಿದ್ದರು, ಸಾವಿನ ಮನೆಗೂ ಹೋಗಿ ಕೂರುತ್ತಿದ್ದರು. ಅರವತ್ತು ದಾಟಿದ ಮಾರ್ತಾ ನನ್ನ ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿತಿದ್ದರು. ಊರಿನ ಮಾತು ಕಲಿಸು ಎಂದಾಗ ನಾನು ತಮಿಳು ಬಿಟ್ಟು ನನ್ನ ಕನ್ನಡ ಕಲಿಸಿದೆ — ಮೊದಲು ತಮಾಷೆಗೆ. ಆಮೇಲೆ — ನನ್ನನ್ನು ಬಿಟ್ಟರೆ ಅವರಿಗೆ ಗತಿಯಿಲ್ಲ ಎಂಬುದು ಹಿಡಿಸಿಬಿಟ್ಟಿತು. ಹಾಳೂರಿಗೆ ಉಳಿದವನೇ ಗೌಡ. ಜನಕ್ಕೆ ತಿಳಿಯದಿದ್ದರೆ ತಮ್ಮ ಉಚ್ಚಾರವೇ ಕೆಟ್ಟದ್ದೆಂದು ಮಾರ್ತಾ ನಗುತ್ತಿದ್ದರು.

ಆಮೇಲೆ ಹೋಟೆಲುಗಳು ಬಂದವು. ಎದುರಿಗೇ ಸಮುದ್ರವಿದ್ದರೂ ಗೋಡೆ ಕಟ್ಟಿ ಒಳಗೊಂದು ಈಜುಕೊಳ ತೋಡಿದರು. ಹೊಸ ವಿದೇಶಿಯರು ಹತ್ತು ದಿನವಿದ್ದು, ಯಾರ ಹೆಸರೂ ಕೇಳದೆ ಹೋಗುವವರು. ಹಳಬರು ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ಮಾರ್ತಾ ಮಾತ್ರ ಇಲ್ಲೇ ಮಣ್ಣಾಗುತ್ತೇನೆ ಎಂದು ಉಳಿದರು. ಅವರ ಗುಡಿಸಲಿದ್ದ ಊರೊಟ್ಟಿನ ಜಾಗ ಒಂದು ಹೋಟೆಲಿಗೆ ಬೇಕಿತ್ತು. ಆಕೆ ತಾನಾಗಿ ಹೋದರೆ ಅಡುಗೆಮನೆಯ ಮೇಲ್ವಿಚಾರಣೆ ನಿನಗೇ ಎಂದು ಅದರ ಮ್ಯಾನೇಜರ್ ನನಗೆ ಆಸೆ ತೋರಿಸಿದ.

ಇರಲು ಬಿಡುತ್ತೀರಾ ಎಂದು ಊರಿನ ಹಿರಿಯರನ್ನು ಕೇಳಿಬರಲು ಮಾರ್ತಾ ಕಳಿಸಿದ್ದೂ ನನ್ನನ್ನೇ. ಅಲ್ಲಿ ವೀಳ್ಯ ಕೊಟ್ಟರೆ ಮಾತು ಮುಗಿದಂತೆ, ಮತ್ತೆ ಯಾರೂ ಎತ್ತುವುದಿಲ್ಲ. ಹಿರಿಯರ ಪರವಾಗಿ ಪೊನ್ನಿಯಜ್ಜಿ ಎಲೆ ಅಡಿಕೆಯನ್ನು ನನ್ನ ಅಂಗೈಲಿಟ್ಟು, ಅವಳು ನಮ್ಮವಳು, ಕಣ್ಣು ಮುಚ್ಚುವ ತನಕ ಇರಲಿ ಎಂದಳು.

ದಾರಿಯಲ್ಲಿ ಒಂದೊಂದೇ ಎಲೆಗೆ ಸುಣ್ಣ ಹಚ್ಚಿ ಜಗಿದೆ. ಬಾಯಿ ಕೆಂಪಾಗಿರುವಾಗಲೇ ಅವರೆದುರು ನಿಂತೆ.

“ಬ್ಯಾಡ್ವಂತೆ ಅಮ್ಮ. ಹೊಂಟೋಗ್ಬೇಕಂತೆ.”

“ಎಲ್ಲಾರೂ ಅಂದ್ರಾ?”

“ಎಲ್ಲಾರೂ.”

ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ಹೊರಡುವ ದಿನ ಮಾರ್ತಾ ಮನೆಮನೆಗೆ ಹೋಗಿ ಕೈ ಮುಗಿದರು. ನಾನು ಹಿಂದೆ ನಿಂತಿದ್ದೆ. “ನನ್ಮ್ಯಾಲೆ ಬ್ಯಾಸ್ರ ಮಾಡ್ಕಬ್ಯಾಡಿ” — ನಾನು ಕಲಿಸಿದ್ದ ಕನ್ನಡ. ಏನು ಹೇಳುತ್ತಿದ್ದಾಳೆ ಎಂದು ಪೊನ್ನಿಯಜ್ಜಿ ನನ್ನನ್ನು ಕೇಳಿದಳು. ತನ್ನ ದೇಶದ ನೆನಪಾಗಿದೆಯಂತೆ ಎಂದೆ. ನಾವು ಕೊಟ್ಟ ವೀಳ್ಯ ತೆಗೆದುಕೊಂಡೂ ಹೋಗುತ್ತಾಳಲ್ಲ ಎಂದು ಅಜ್ಜಿ ಮುಖ ತಿರುಗಿಸಿದಳು. ಇಬ್ಬರೂ ಅತ್ತರು. ಯಾಕೆಂದು ತಿಳಿದಿದ್ದವನು ನಾನೊಬ್ಬನೇ.

ಹೋಟೆಲಿನ ಕೆಲಸ ನಾಲ್ಕು ವರ್ಷವೂ ನಿಲ್ಲಲಿಲ್ಲ. ಈಗ ನಮ್ಮೂರ ಕಡೆಯ ಮೂಕಂಡಪಲ್ಲಿಯಲ್ಲಿ ಕಾರ್ಖಾನೆಯವರಿಗೆ ಅಡುಗೆ ಮಾಡುತ್ತೇನೆ. ಊಟವಾದ ಮೇಲೆ ಹೆಂಡತಿ ಎಲೆ ಮಡಚಿ ಕೊಡಲು ಬಂದರೆ ಬೇಡವೆನ್ನುತ್ತೇನೆ. “ಅದೇನ್ ಶಪಥಾನೋ ನಿಮ್ದು” ಎಂದು ಅವಳು ಛೇಡಿಸುತ್ತಾಳೆ.

ಊರು ಬಿಟ್ಟ ಮರುವರ್ಷ ಮಾರ್ತಾ ಒಂದು ಪತ್ರ ಬರೆದಿದ್ದರು. ಊರಿನವರ ಕೋಪ ಇಳಿದಿದ್ದರೆ ತಿಳಿಸು, ಬರುತ್ತೇನೆ, ಎಂದು. ಓದಿ, ಮಡಚಿ, ಹೋಟೆಲಿನ ಸಮವಸ್ತ್ರದ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋದೆ. ಉತ್ತರ ಬರೆಯಲಿಲ್ಲ.

ಮಾರ್ತಾ — ನಿಮ್ಮ ಮೇಲೆ ಯಾರಿಗೂ ಕೋಪ ಇರಲಿಲ್ಲ.