ಬರೆದವಳು ನಾನೇ ಎಂದರೂ

ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಟೈಪಿಂಗ್ ಮತ್ತು ಪ್ರಿಂಟಿಂಗ್ ಅಂಗಡಿ ಇದೆ. ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ತಹಶೀಲ್ದಾರರಿಗೆ ಕೊಡುವ ಅರ್ಜಿ, ಬೀಜದ ಅಂಗಡಿಯವರ ಬಿಲ್ ಬುಕ್ಕು, ಎಲ್ಲವೂ ನನ್ನ ಬೆರಳ ಕೆಳಗೇ ಹಾದು ಹೋಗಬೇಕು. ನಮ್ಮ ಮನೆಯವರು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ರಾತ್ರಿ ಪಾಳಿ ಮುಗಿದ ದಿನ ನೇರವಾಗಿ ಅಂಗಡಿಗೆ ಬಂದು, ಪ್ರಿಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಚಹಾ ಕುಡಿದು, ಆಮೇಲೆ ಮನೆಗೆ ಹೋಗಿ ಮಲಗುವುದು ಇವರ ರೂಢಿ. ಯಾರೊಂದಿಗೂ ಜೋರಾಗಿ ಮಾತಾಡಿದ ಮನುಷ್ಯರಲ್ಲ. ಫೋನಿನಲ್ಲಿ ಏನನ್ನೂ ಓದುತ್ತಿರಲಿಲ್ಲ. ಹಳೆಯ ನಾಟಕದ ಹಾಡು ಕೇಳುತ್ತಿದ್ದರು, ಅಷ್ಟೆ.

ಓದುವ, ಬರೆಯುವ ಚಟ ನನಗಿತ್ತು. ಕನ್ನಡ ಟೈಪಿಂಗ್ ಮಾಡುವವರು, ಪ್ರೆಸ್ಸಿನವರು, ಕಂಪ್ಯೂಟರ್ ಮಾರುವವರು ಸೇರಿ ವಾದ ಮಾಡುವ ಒಂದು ಆನ್‌ಲೈನ್ ವೇದಿಕೆ ಇತ್ತು. ಯಾವ ಫಾಂಟು ಎಲ್ಲಿ ಒಡೆಯುತ್ತದೆ, ಒತ್ತಕ್ಷರ ಯಾಕೆ ಕೆಳಗೆ ಜಾರಿ ಬೀಳುತ್ತದೆ, ಹಳೆಯ ಕೀಲಿಮಣೆ ಒಳ್ಳೆಯದೋ ಹೊಸದೋ ಎಂದು ಅಲ್ಲಿ ಜನ ತಿಂಗಳುಗಟ್ಟಲೆ ಕಚ್ಚಾಡುತ್ತಿದ್ದರು. ನನ್ನ ಮುಖದ ಜಾಗದಲ್ಲಿ ನಮ್ಮಪ್ಪನ ಕಾಲದ ಕಾಲ್ತುಳಿ ಮುದ್ರಣ ಯಂತ್ರದ ಫೋಟೋ ಹಾಕಿದ್ದೆ. ಎಲ್ಲರೂ ನನ್ನನ್ನು ಗಂಡಸೆಂದೇ ತಿಳಿದು ‘ಅಣ್ಣಾರ’, ‘ಸರ’ ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಹೆಂಗಸೆಂದು ಗೊತ್ತಾದ ಮರುದಿನದಿಂದಲೇ ಬೆಳಬೆಳಗ್ಗೆ ಗುಲಾಬಿ ಹೂವಿನ ಚಿತ್ರಗಳು ಬರತೊಡಗುವುದನ್ನು ಬೇರೆ ಗುಂಪುಗಳಲ್ಲಿ ನೋಡಿ ಸಾಕಾಗಿತ್ತು.

ಹೀಗಿರುವಾಗ, ನಾವು ಮಾತಾಡಿದ್ದನ್ನು ತಾನೇ ಬರೆದುಕೊಳ್ಳುವ ಒಂದು ಹೊಸ ಸಾಫ್ಟ್‌ವೇರ್ ಬಂತು. ಅದನ್ನು ನಮ್ಮ ಜಿಲ್ಲೆಯಲ್ಲಿ ಮಾರುವವನು ಬ್ಯಾಡಗಿಯ ಒಬ್ಬ ಕಂಪ್ಯೂಟರ್ ಅಂಗಡಿಯವನು. ವೇದಿಕೆಯಲ್ಲಿ ಅವನ ಮುಖದ ಜಾಗದಲ್ಲಿ ಬಾಯ್ದೆರೆದ ಹುಲಿಯ ಚಿತ್ರವಿತ್ತು. ನಾನು ಕೆಲವು ದಿನ ಅದನ್ನು ಬಳಸಿ ನೋಡಿದೆ. ಅರ್ಜಿ ಬರೆಸಲು ಬಂದ ರೈತರೊಬ್ಬರು ಮೈಕಿನ ಮುಂದೆ, “ನಮ್ಮ ಹೊಲಕ್ಕ ಹೋಗೋ ದಾರಿ ಬಂದ್ ಮಾಡ್ಯಾರ್ರಿ” ಅಂದರು. ಪರದೆಯ ಮೇಲೆ ‘ನಮ್ಮ ಹೊಲಕ್ಕೆ ಹೋಗೋದು ಆರಿ ಬಂದು ಮಡಿಯಾರಿ’ ಎಂದು ಮೂಡಿತು. ಅದನ್ನು ಹಾಗೆಯೇ ವೇದಿಕೆಯಲ್ಲಿ ಹಾಕಿ, ಇದಕ್ಕೆ ನಮ್ಮ ಕಡೆಯ ಮಾತು ಬರುವುದಿಲ್ಲ, ಕಲಿಯುವ ತನಕ ಯಾರೂ ಕೊಳ್ಳಬೇಡಿ ಎಂದು ಬರೆದೆ.

ಹುಲಿ ಚಿತ್ರದವನು ತಕ್ಷಣ ಮೇಲೆ ಬಿದ್ದ. ‘ಮೊದಲು ಶುದ್ಧ ಕನ್ನಡ ಕಲಿ. ದನ ಕಾಯುವವರ ಭಾಷೆ ಯಂತ್ರಕ್ಕೆ ತಿಳಿಯುವುದಿಲ್ಲ’ ಎಂದ.

ನನಗೆ ರೇಗಿತು. ‘ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ್ಯಾಗ ಶುದ್ಧ ಕನ್ನಡದಾಗ ಮಾತಾಡ್ತಾರೇನ್ರಿ? ನಿಮ್ಮ ಅವ್ವ ಉಣ್ಣಾಕ ಕರೀಬೇಕಾದ್ರ ಯಾವ ಭಾಷಾದಾಗ ಕರೀತಾಳ?’ ಎಂದು ಬರೆದೆ.

ಈ ಎರಡು ಸಾಲು ಸುಮ್ಮನೆ ಕೂರಲಿಲ್ಲ. ಯಾರೋ ಅದಕ್ಕೆ ಬಾಲ ಮುದುರಿದ ಹುಲಿಯ ಚಿತ್ರ ಅಂಟಿಸಿದರು. ಹುಬ್ಬಳ್ಳಿಯವರು, ಕಲಬುರಗಿಯವರು ಹಂಚಿಕೊಂಡರು. ಅವನ ಅಂಗಡಿಗೆ ಹೋದ ಗಿರಾಕಿಗಳೇ ‘ಅವ್ವ ಉಣ್ಣಾಕ ಕರದಾಳೇನು?’ ಎಂದು ಕೇಳತೊಡಗಿದರಂತೆ. ಅವನು ಅದನ್ನು ತಾಯಿಗೆ ಬೈದದ್ದೆಂದೇ ತಿಳಿದ. ‘ನನ್ನ ತಾಯಿ ಸುದ್ದಿಗೆ ಬಂದವನ ಕೈ ಮುರಿಯದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವನಲ್ಲ’ ಎಂದು ಬರೆದ. ಅದರ ಕೆಳಗೆ ‘ಹೋಗಿ ಬರ್ರಿ ಅಣ್ಣಾ’, ‘ವಿಡಿಯೋ ಹಾಕೋದು ಮರೀಬ್ಯಾಡ್ರಿ’ ಎಂದು ಜನ ಸಾಲುಗಟ್ಟಿದರು. ನಾನು ಹಿಂದೆ ವೇದಿಕೆಯಲ್ಲಿ ಹಾಕಿದ್ದ ಒಂದು ಬ್ಯಾನರಿನ ಫೋಟೋದ ಮೂಲೆಯಲ್ಲಿ ನನ್ನ ಅಂಗಡಿಯ ಹೆಸರಿತ್ತು. ಅದನ್ನು ಯಾರೋ ಹುಡುಕಿ ದೊಡ್ಡದು ಮಾಡಿ ಹಾಕಿದರು. ಇಂಥ ಬೆದರಿಕೆ ಅಲ್ಲಿ ದಿನಾ ನೋಡುತ್ತಿದ್ದೆ. ಬಾಯಿ ಮಾತು ಎಂದು ಕೆಲಸಕ್ಕೆ ಕೂತೆ.

ಅವರು ಬಂದದ್ದು ಬೆಳಗಿನ ಸಂತೆ ಗದ್ದಲದ ಹೊತ್ತಿನಲ್ಲಿ. ಇವರು ಪಾಳಿ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತಿದ್ದರು. ನಾನು ಒಂದು ಬ್ಯಾನರಿನ ಮೂಲೆಗಳಿಗೆ ಹಗ್ಗ ಕಟ್ಟುವ ಲೋಹದ ಬಳೆಗಳನ್ನು ಸುತ್ತಿಗೆಯಿಂದ ಕೂರಿಸುತ್ತ ನೆಲದ ಮೇಲೆ ಕುಕ್ಕರುಗಾಲಲ್ಲಿದ್ದೆ. ಮೂವರು ಒಳಗೆ ನುಗ್ಗಿದರು. ಮುಂದಿದ್ದವನು ದಪ್ಪಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮದುವೆ ಕಾರ್ಡು ಮಾಡಿಸಲು ಬಂದವನ ಹಾಗಿದ್ದ.

“ಮಷೀನ್ ಫೋಟೋ ಹಾಕ್ಕೊಂಡು ಬರಿಯಾಂವ ಯಾಂವ?” ಎಂದ.

ಆ ಮಾತಿನಲ್ಲೇ ಗೊತ್ತಾಯಿತು ಇವನೇ ಹುಲಿಯೆಂದು. ನಾನು ಎದ್ದು ನಿಂತೆ. “ನಾನ ಬರದೇನ್ರಿ. ಏನು ಹೇಳ್ರಿ” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. “ನೀ ಬಾಜೂ ಸರಿ ಬೇ. ಗಂಡನ್ನ ಉಳಸಾಕ ಸುಳ್ಳ ಹೇಳಬ್ಯಾಡ.”

“ಖರೇ ಹೇಳಾಕತ್ತೇನ್ರಿ, ನಾನ ಬರದದ್ದು. ಅವರಿಗೆ ಏನೂ ಗೊತ್ತಿಲ್ಲ.”

“ಹೆಣಮಗಳು ಇಷ್ಟ ಬರೀತಾಳೇನ್ಲೇ?” ಎಂದು ಅವನು ಹಿಂದಿದ್ದವರನ್ನು ಕೇಳಿದ. ಇವರು ಚಹಾದ ಕಪ್ಪು ಕೆಳಗಿಟ್ಟು, “ಏನಾತ್ರಿ? ಕುಂದ್ರಿ, ಕುಂತ ಮಾತಾಡೋಣ” ಎಂದು ಎದ್ದರು. ಪೂರ್ತಿ ಎದ್ದು ನಿಲ್ಲುವ ಮೊದಲೇ ಅವನ ಅಂಗೈ ಇವರ ಎಡಗಿವಿಯ ಮೇಲೆ ಬಿತ್ತು. ಮರದ ಹಲಗೆ ಸಿಡಿದಂಥ ಸಪ್ಪಳ. ಇವರು ಪ್ರಿಂಟರಿನ ಮೇಲೆ ಬಿದ್ದರು. ಇನ್ನೊಬ್ಬ ಅಂಗಿ ಹಿಡಿದೆತ್ತಿ ಹೊಟ್ಟೆಗೆ ಮೊಣಕಾಲು ಕೊಟ್ಟ. ಮೂರನೆಯವನು ಸ್ಟೂಲನ್ನೇ ಎತ್ತಿ ಬೆನ್ನಿಗೆ ಹೊಡೆದ. “ಬರೀತೀಯೇನಲೇ? ಬರೀತೀ?” ಎಂದು ಪ್ರತಿ ಏಟಿಗೂ ಕೇಳುತ್ತಿದ್ದರು. ಬಾಯಿಂದ ರಕ್ತ ಸುರಿಸುತ್ತ ಇವರು, “ಏನ ಬರದೇನ್ರಿ? ನಾ ಏನ ಬರದೇನ್ರಿ?” ಎನ್ನುತ್ತಿದ್ದರು. ಏನೆಂದು ಇವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

“ನಾನು, ನಾನು” ಎಂದು ನಾನು ಚೀರುತ್ತಲೇ ಇದ್ದೆ. ಮಧ್ಯೆ ಹೋದರೆ ಒಬ್ಬ ನನ್ನನ್ನು ಮೊಣಕೈಯಿಂದ ತಳ್ಳುತ್ತಿದ್ದ. ಹೊಡೆಯುತ್ತಿರಲಿಲ್ಲ; ಹೆಂಗಸಿಗೆ ಹೊಡೆಯಬಾರದೆಂಬ ಮರ್ಯಾದೆ ಅವರಿಗಿತ್ತು. ಬಿಳಿ ಅಂಗಿಯವನು ಇವರ ಬಲಗೈಯನ್ನು ಎಳೆದು ಟೇಬಲ್ಲಿನ ಅಂಚಿಗೆ ಒತ್ತಿ ಹಿಡಿದು, ಕಾಲೆತ್ತಿದ. ಕೈ ಮುರಿಯುತ್ತೇನೆ ಎಂದು ಬರೆದವನು ಮುರಿಯಲೇ ಬಂದಿದ್ದಾನೆಂದು ಆಗ ನನಗೆ ಹೊಳೆಯಿತು. ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಇವರನ್ನು ಹಿಡಿದಿದ್ದ ಅವನ ಮಣಿಕಟ್ಟಿಗೆ ಹೊಡೆದೆ. ಹಸಿ ಕಬ್ಬು ಮುರಿದ ಹಾಗೆ ಆಯಿತು. ಅವನು ಕೂಗಿ ಬಗ್ಗಿದ. ಇನ್ನೊಂದು ಹೊಡೆದೆ, ಅದು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಕೈ ಎತ್ತಿದಾಗ ಪಕ್ಕದ ಹೋಟೆಲಿನವರು ಬಂದು ನನ್ನ ರಟ್ಟೆ ಹಿಡಿದುಕೊಂಡರು. ಆಮೇಲೆ ಬಾಗಿಲ ಕಡೆ ನೋಡಿದೆ. ಅಲ್ಲಿ ಇಡೀ ಬಸ್ ನಿಲ್ದಾಣವೇ ನಿಂತಿತ್ತು. ಎಲ್ಲರ ಕೈಯೂ ಮೇಲಿತ್ತು, ಎಲ್ಲರ ಕೈಯಲ್ಲೂ ಫೋನು.

ಪೊಲೀಸ್ ಠಾಣೆಯಲ್ಲಿ ಅವನು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಎದುರಿನ ಬೆಂಚಿನ ಮೇಲೆ ಕೂತಿದ್ದ. ನನ್ನ ಫೋನಿನಲ್ಲಿ ಬರೆದದ್ದೆಲ್ಲ ನೋಡಿದ ಮೇಲೆಯೇ ಅವನಿಗೆ ನಂಬಿಕೆ ಬಂದದ್ದು. ತಲೆ ತಗ್ಗಿಸಿ, “ಹೆಣಮಗಳು ಅಂತ ಮೊದಲ ಹೇಳಿದ್ರ ನಾವು ಬರ್ತಿದ್ದಿಲ್ಲ ಬಿಡವಾ” ಎಂದ.

“ಹೇಳಿದೆನಲ್ಲ” ಎಂದೆ. “ನಿಮ್ಮ ಮುಂದ ನಿಂತು ಹೇಳಿದೆ.”

ಅವನೂ ದೂರು ಕೊಟ್ಟ, ನಾವೂ ಕೊಟ್ಟೆವು.

ಸಂಜೆಯ ಹೊತ್ತಿಗೆ ವಿಡಿಯೋ ಜಿಲ್ಲೆಯೆಲ್ಲ ಸುತ್ತಿತ್ತು. ಫೋನಿನಲ್ಲೇ ಸುದ್ದಿ ನಡೆಸುವ ಒಂದು ಚಾನೆಲ್ಲಿನವರು ‘ಮಹಿಳೆಯ ವಿಚಾರಕ್ಕೆ ಮಾರಾಮಾರಿ, ಗಂಡನ ಎದುರೇ ಗೆಳೆಯನಿಗೆ ಸುತ್ತಿಗೆ ಏಟು’ ಎಂದು ಕೆಂಪಕ್ಷರದಲ್ಲಿ ಬರೆದರು. ಯಾವ ಗೆಳೆಯ, ಯಾವ ವಿಚಾರ, ಯಾರೂ ನನ್ನನ್ನು ಕೇಳಲಿಲ್ಲ. ತೆಗೆಯಿರಿ ಎಂದು ನಾನೇ ಫೋನು ಮಾಡಿದರೆ, “ಮೇಡಂ, ನೀವೂ ಮಾತಾಡ್ರಿ, ಅದನ್ನೂ ಹಾಕ್ತೀವಿ, ಚಲೋ ಓಡಾಕತ್ತೈತಿ” ಎಂದರು.

ಇನ್ನು ವೇದಿಕೆ. ನನಗಾಗಿ ಅಲ್ಲದಿದ್ದರೂ ಇವರಿಗಾಗಿ ಅಲ್ಲಿ ಯಾರಾದರೂ ಒಂದು ಮಾತು ಆಡಿಯಾರೆಂದು ತೆರೆದೆ. ಹುಲಿಯ ಗೆಳೆಯನೊಬ್ಬ, ಅವನನ್ನು ಕೇಸಿನಿಂದ ಉಳಿಸಲೆಂದೋ ಏನೋ, ಇದು ಎಐಯಿಂದ ಮಾಡಿದ ನಕಲಿ ವಿಡಿಯೋ ಎಂದು ಬರೆದಿದ್ದ. ಅಷ್ಟೇ ಸಾಕಾಗಿತ್ತು. ತಂತ್ರಜ್ಞಾನ ಗೊತ್ತಿದ್ದವರೆಲ್ಲ ಸೇರಿ ನನ್ನ ಅಂಗಡಿಯನ್ನು ಚೌಕ ಚೌಕವಾಗಿ ಕತ್ತರಿಸಿ ನೋಡುತ್ತಿದ್ದರು. ಹೆಂಗಸಿನ ಬೆರಳು ಸುತ್ತಿಗೆಯೊಳಗೆ ಕರಗಿದೆ, ನೋಡಿ. ರಕ್ತ ಇಷ್ಟು ಕೆಂಪಗಿರುವುದಿಲ್ಲ. ಏಟು ತಾಗುವ ಮೊದಲೇ ಮನುಷ್ಯ ಬಿದ್ದಿದ್ದಾನೆ. ಒಬ್ಬನಂತೂ ಗೋಡೆಯ ಮೇಲಿನ ಇವರ ನೆರಳು ಬೀಳಬೇಕಾದ ಕಡೆ ಬಿದ್ದಿಲ್ಲವೆಂದು ಬಾಣದ ಗುರುತು ಹಾಕಿ ತೋರಿಸಿದ್ದ. ಪಕ್ಕದ ಮಂಚದ ಮೇಲೆ ಇವರು ಕಿವಿಗೆ ಹತ್ತಿ ಇಟ್ಟುಕೊಂಡು ನರಳುತ್ತಿದ್ದರು. ‘ಇದು ನಡೆದದ್ದು, ನಾನೇ ಆ ಹೆಂಗಸು’ ಎಂದು ನನ್ನ ಫೋಟೋ ಹಾಕಿ ಬರೆದೆ. ‘ಈ ಖಾತೆಯೂ ನಕಲಿ’ ಎಂಬುದು ಮೊದಲ ಉತ್ತರ.

ಇವರ ಎಡಗಿವಿಯ ತಮಟೆ ಹರಿದಿತ್ತು. ತೋರಿಸಲು ಹಾವೇರಿಯ ಕಿವಿ ಡಾಕ್ಟರರ ಬಳಿ ಓಡಾಡುತ್ತಿದ್ದೆವು. ಪೂರ್ತಿ ಕೇಳಿಸುವುದು ಕಷ್ಟ ಎಂದು ಅವರು ಹೇಳಿದ ದಿನ, ಮರಳುವ ಬಸ್ಸಿನಲ್ಲಿ ಇಬ್ಬರೂ ಕೂತಿದ್ದೆವು. ನಮ್ಮ ಮುಂದಿನ ಸೀಟಿನಲ್ಲಿ ನಡುವಯಸ್ಸಿನ ಇಬ್ಬರು ವ್ಯಾಪಾರಸ್ಥರು. ಒಬ್ಬ ಫೋನು ತೆಗೆದು ಏನೋ ಹಚ್ಚಿದ. ಧ್ವನಿ ಜೋರಾಗಿತ್ತು.

“ಏನ ಬರದೇನ್ರಿ? ನಾ ಏನ ಬರದೇನ್ರಿ?”

ಇವರ ಬಲಗಿವಿ ಆ ಕಡೆಗೇ ಇತ್ತು. ತಮ್ಮದೇ ಕೂಗು ಕೇಳಿ ಇವರ ಬೆನ್ನು ಸೆಟೆಯಿತು. ನಾನು ಕೈ ಹಿಡಿದುಕೊಂಡೆ.

“ಅಯ್ಯ, ಹ್ಯಾಂಗ ಬಡೀತಾರಪಾ” ಎಂದ ಪಕ್ಕದವನು.

“ಖರೇ ಅಲ್ಲೋ ಮಾರಾಯಾ, ಕಂಪ್ಯೂಟರ್‌ನ್ಯಾಗ ಮಾಡಿದ್ದು. ಆ ಮನಷ್ಯಾನ ಇಲ್ಲ” ಎಂದು ಫೋನಿನವನು ನಕ್ಕು, ಇನ್ನೊಮ್ಮೆ ಹಚ್ಚಿದ.

ಇವರು ನನ್ನ ಕೈ ಕೊಡವಿ ಎದ್ದರು. ಹಿಂದಿನಿಂದ ಅವನ ಕೊರಳಪಟ್ಟಿ ಹಿಡಿದು ತಿರುಗಿಸಿ ಕೆನ್ನೆಗೆ ಹೊಡೆದರು. ಇನ್ನೊಂದು ಹೊಡೆದರು. “ಇಲ್ಲೇನ್ಲೇ ನಾನು? ನೋಡು! ಇದ್ದೇನೋ ಇಲ್ಲೋ?” ಎಂದು ಅವನ ಮುಖವನ್ನು ಸೀಟಿನ ಕಂಬಿಗೆ ಒತ್ತಿದರು. ನಮ್ಮ ಮದುವೆಯಾದಾಗಿನಿಂದ ಇವರು ಒಂದು ನಾಯಿಗೂ ಕಲ್ಲು ಎಸೆದದ್ದು ನಾನು ಕಂಡಿರಲಿಲ್ಲ. ಆ ಮನುಷ್ಯನ ಮೂಗಿನಿಂದ ರಕ್ತ ಇಳಿಯಿತು. ಅವನು ತಿರುಗಿ ಹೊಡೆಯಲಿಲ್ಲ. ಬಿದ್ದ ಫೋನನ್ನೂ ಇವರ ಮುಖವನ್ನೂ ನೋಡಿ, “ನೀವ ಏನ್ರಿ?” ಎಂದ, ದೆವ್ವ ಕಂಡವನ ಹಾಗೆ. “ಯಪ್ಪಾ, ತಪ್ಪಾತ್ರಿ, ನೀವು ಇದ್ದೀರಿ ಅಂತ ನನಗ ಗೊತ್ತಿದ್ದಿಲ್ರಿ.”

ಬಸ್ಸು ನಿಂತಿತು. ಸುತ್ತ ಫೋನುಗಳು ಮತ್ತೆ ಮೇಲೇಳತೊಡಗಿದವು. ನಾನು ಸೆರಗು ಬಿಡಿಸಿ ಇವರ ಮುಖಕ್ಕೆ ಅಡ್ಡ ಹಿಡಿದೆ. ಕಂಡಕ್ಟರ್ ಬೈಯುತ್ತ ನಮ್ಮನ್ನು ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಇಳಿಸಿ ಹೋದರು.

ಲಾರಿಗಳ ಗಾಳಿಗೆ ನಿಲ್ಲಲಾಗುತ್ತಿರಲಿಲ್ಲ. ಇವರ ಬೆರಳ ಗೆಣ್ಣು ಸುಲಿದಿತ್ತು. ನನ್ನ ಕಡೆ ತಿರುಗಿ, “ಅದರಾಗ ನೀ ಏನ ಬರದಿದ್ದಿ? ಒಂದೂ ಬಿಡದಂಗ ಹೇಳು” ಎಂದರು. ಅಷ್ಟು ದಿನ ಇವರು ಅದನ್ನು ಕೇಳಿರಲೇ ಇಲ್ಲ. ನಾನು ಬಲಗಿವಿಯ ಹತ್ತಿರ ಬಾಯಿ ಇಟ್ಟು, ಲಾರಿಗಳ ಸಪ್ಪಳದ ಮೇಲೆ ಕೂಗಿ ಕೂಗಿ ಹೇಳಿದೆ. ಹೊಲದ ದಾರಿ, ಯಂತ್ರ ಬರೆದ ತಪ್ಪು, ಶುದ್ಧ ಕನ್ನಡ, ಅವ್ವ ಉಣ್ಣಲು ಕರೆಯುವ ಮಾತು.

ಇವರು ನನ್ನ ಮುಖವನ್ನೇ ನೋಡಿದರು. “ಇಷ್ಟಕ್ಕ?” ಎಂದರು.

“ಇಷ್ಟಕ್ಕ” ಎಂದೆ.

ಇವರು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಅತ್ತರು. ನಾನು ನಿಂತೇ ಇದ್ದೆ.

ಕೇಸು ಇನ್ನೂ ನಡೆದಿದೆ. ಚಾನೆಲ್ಲಿನವರು ವಿಡಿಯೋ ತೆಗೆದಿಲ್ಲ, ಕೆಂಪಕ್ಷರ ಮಾತ್ರ ಬದಲಿಸಿದ್ದಾರೆ. ನಾನು ಈಗ ನನ್ನ ಮುಖ, ನನ್ನ ಹೆಸರಿನಲ್ಲಿಯೇ ಬರೆಯುತ್ತೇನೆ. ಮೊದಲಿಗಿಂತ ಹೊಲಸು ಉತ್ತರಗಳು ಬರುತ್ತವೆ, ಅವನ್ನೂ ಓದುತ್ತೇನೆ. ಕಿವಿ ಕೇಳಿಸದೆಂದು ಕಾರ್ಖಾನೆಯವರು ಇವರನ್ನು ಯಂತ್ರಗಳ ವಿಭಾಗದಿಂದ ಸಾಮಾನಿನ ಸ್ಟೋರ್‌ಗೆ ಹಾಕಿದ್ದಾರೆ. ಕೆಲಸ ಹಗುರ, ಸಂಬಳ ಅದೇ. ಆದರೆ ಇವರ ಕೈ ಬಸ್ಸಿನಲ್ಲಿ ಕಲಿತದ್ದನ್ನು ಮರೆತಿಲ್ಲ. ಹಿಂದಿನಿಂದ ಯಾರಾದರೂ ಕರೆದು, ಇವರಿಗೆ ಕೇಳಿಸದೆ, ಅವರು ಭುಜ ಮುಟ್ಟಿದರೆ ಸಾಕು, ತಿರುಗುವಾಗಲೇ ಮುಷ್ಟಿ ಬಿಗಿದಿರುತ್ತದೆ. ನಾನೂ ಈಗ ಎದುರಿಗೆ ಬಂದೇ ಮಾತಾಡಿಸುತ್ತೇನೆ.

ಮೊನ್ನೆ ಇವರು ಮಧ್ಯಾಹ್ನವೇ ಮನೆಗೆ ಬಂದರು. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

“ಯಾರಿಗೆ ಹೊಡದು ಬಂದ್ರಿ?” ಎಂದೆ.

“ಆಟೋದಾಂವಗ” ಎಂದರು. “ಹಾರ್ನ್ ಹೊಡದಿದ್ನಂತ, ನನಗ ಕೇಳಿಸಲಿಲ್ಲ. ಕಿವುಡ ಅಂದ.”

ನಾನು ಫ್ರಿಜ್ಜಿನಿಂದ ಐಸು ತೆಗೆದು ಬಟ್ಟೆಯಲ್ಲಿ ಕಟ್ಟಿ ಆ ಕೈ ಹಿಡಿದು ಬಾತ ಗೆಣ್ಣುಗಳ ಮೇಲಿಟ್ಟೆ. ನೋವಾದಾಗ ಒಮ್ಮೆ ಕೈ ಎಳೆದುಕೊಂಡರು, ಆಮೇಲೆ ತಾವೇ ಮುಂದೆ ಚಾಚಿದರು.