ಶುಕ್ರವಾರದ ಪಿನ್ನುಗಳು

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಮೀನು ತಿನ್ನದ ಮನೆಗೇ ಸೊಸೆಯಾಗಿ ಬಂದ ನಾನು ಬದುಕಿನ ಬಹುಪಾಲನ್ನು ಮೀನಿನ ಮೂಳೆಯ ಚಿತ್ರ ಬರೆಯುವುದರಲ್ಲೇ ಕಳೆದಿದ್ದೇನೆ ಎಂದರೆ ನೀವು ನಗಬಹುದು. ಹೇರೋಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುವವಳು ನಾನು. ಮಾಡಿದ ಸಾಮಾನು ಕೆಟ್ಟರೆ ಯಾಕೆ ಕೆಟ್ಟಿತು ಎಂದು ಹುಡುಕಲು ನಮ್ಮ ಕಸುಬಿನಲ್ಲಿ ಏಳು ಸಲಕರಣೆಗಳಿವೆ. ಸಲಕರಣೆ ಎಂದರೆ ಸ್ಪ್ಯಾನರು, ಸುತ್ತಿಗೆಗಳಲ್ಲ. ಎಲ್ಲವೂ ಕಾಗದದ ಮೇಲಿನ ಗೆರೆ, ಚುಕ್ಕಿ, ಕಂಬಗಳು. ಜಪಾನಿನವರು ಇವುಗಳಿಂದಲೇ ಉದ್ಧಾರವಾದರು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಮೀನಿನ ಮೂಳೆ ಅವುಗಳಲ್ಲೊಂದು. ತಲೆಯ ಜಾಗದಲ್ಲಿ ತೊಂದರೆ ಬರೆದು, ಬೆನ್ನುಮೂಳೆ ಎಳೆದು, ಅದಕ್ಕೆ ಆರು ಕಡ್ಡಿ ಸೇರಿಸಬೇಕು: ಮನುಷ್ಯ, ಯಂತ್ರ, ಸಾಮಗ್ರಿ, ವಿಧಾನ, ಅಳತೆ, ಪರಿಸರ. ಕಾರಣವಾಗಬಹುದಾದದ್ದನ್ನೆಲ್ಲ ಆಯಾ ಕಡ್ಡಿಯ ಮೇಲೆ ಬರೆದು ಒಂದೊಂದಾಗಿ ಪರೀಕ್ಷಿಸಬೇಕು.

ಹೊಸದರಲ್ಲಿ ಹುಮ್ಮಸ್ಸು ಹೆಚ್ಚು. ಸಾರಿಗೆ ಉಪ್ಪು ಯಾಕೆ ಜಾಸ್ತಿಯಾಗುತ್ತಿದೆ ಎಂದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಮೂಳೆ ಬರೆದು ಅತ್ತೆಯ ಮುಂದಿಟ್ಟಿದ್ದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೊಂದು ಕಡ್ಡಿ ಯಾಕಮ್ಮ? ಸಾರು ಮಾಡಿದೋಳು ನೀನೇ ತಾನೆ?" ಎಂದರು. ಆರು ಕಡ್ಡಿಯನ್ನು ಒಂದಕ್ಕೆ ಇಳಿಸುವ ಈ ವಿದ್ಯೆ ಅತ್ತೆಯರ ಸ್ವತ್ತೇನಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವೆಲ್ಲ ತಲೆತಲಾಂತರದಿಂದ ನಗುತ್ತಾ ಬಂದಿದ್ದೇವೆ. ಆ ನೆಲಕ್ಕೆ ಒಂದು ಸಲ ರಸಮಟ್ಟ ಇಟ್ಟು ನೋಡಿದವರು ಯಾರಾದರೂ ಇದ್ದಾರೆಯೇ? ನನಗೆ ಆ ಹೆಂಗಸಿನ ಬಗ್ಗೆ ಮೊದಲಿನಿಂದಲೂ ಅನುಮಾನವಲ್ಲ, ಕನಿಕರ.

ಈ ಕನಿಕರ ಈಚೆಗೆ ಕಾರ್ಖಾನೆಯಲ್ಲೇ ಪರೀಕ್ಷೆಗೆ ಬಂತು. ಪಂಪ್ ಮಾಡುವ ಒಂದು ದೊಡ್ಡ ಕಂಪನಿಗೆ ನಾವು ಸ್ಟೀಲಿನ ಪಿನ್ನು ಮಾಡಿಕೊಡುತ್ತೇವೆ. ಪಿನ್ನುಗಳು ದಪ್ಪವಾಗಿವೆ, ತೂತಿಗೆ ಕೂರುತ್ತಿಲ್ಲ ಎಂದು ಎರಡು ಸಲ ಡಬ್ಬಿಗಳು ವಾಪಸು ಬಂದವು. ಇಲ್ಲಿ ನಾನೇ ಅಳೆದು ಪಾಸು ಮಾಡಿದ ಪಿನ್ನುಗಳು ಅಲ್ಲಿಗೆ ಹೋಗುವಷ್ಟರಲ್ಲಿ ಹೇಗೆ ದಪ್ಪವಾದವೋ ತಿಳಿಯಲಿಲ್ಲ. ಶುಕ್ರವಾರ ಮಧ್ಯಾಹ್ನ ಅವರ ಎಂಜಿನಿಯರು ಬರುತ್ತಾರೆ, ಅಷ್ಟರೊಳಗೆ ಕಾರಣ ಕಂಡುಹಿಡಿದಿಡಿ, ಇಲ್ಲವಾದರೆ ಆರ್ಡರು ಬೇರೆಯವರಿಗೆ ಎಂದು ಫೋನು ಬಂತು.

ನಮ್ಮ ಮಾಲೀಕ ಗಿರೀಶ್ ಕೆಟ್ಟವರಲ್ಲ, ಆದರೆ ಹೆದರಿದ್ದರು. ಗೋಡೆಯ ಬಿಳಿ ಬೋರ್ಡಿನ ಮೇಲೆ ನಾನು ಮೂಳೆ ಎಳೆದು ಮುಗಿಸುವುದರೊಳಗೆ ಮಾರ್ಕರ್ ಕಸಿದುಕೊಂಡು, ಮನುಷ್ಯ ಎಂಬ ಕಡ್ಡಿಯ ಮೇಲೆ 'ಬಸವರಾಜು' ಎಂದು ದಪ್ಪಗೆ ಬರೆದರು. ಬಸವರಾಜು ಆ ಪಿನ್ನು ಮಾಡುವ ಲೇತಿನ ಆಪರೇಟರ್. ಗಿರೀಶರ ತಂದೆಯ ಕಾಲದಿಂದ ಇರುವವರು. ಅವರಿಗೆ ಈಚೆಗೆ ಕನ್ನಡಕ ಬಂದಿತ್ತು.

"ಕಣ್ಣು ಕಾಣ್ದೇ ಇದ್ರೆ ಡಯಲ್ ಹೆಂಗೆ ಓದ್ತಾರೆ ಮೇಡಂ? ಆಪರೇಟರ್‌ನ ಚೇಂಜ್ ಮಾಡಿದೀವಿ ಅಂತ ಬರ್ಕೊಟ್ಬಿಡಿ. ಸೋಮವಾರದಿಂದ ಬೇರೆಯವರು ಬರ್ತಾರೆ" ಎಂದರು ಗಿರೀಶ್.

ಬಸವರಾಜು ಅಲ್ಲೇ ನಿಂತಿದ್ದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, "ಈ ವಯಸ್ಸಲ್ಲಿ ನನ್ನ ಯಾರು ತಗೋತಾರೆ ಮೇಡಂ?" ಎಂದಷ್ಟೇ ಕೇಳಿದರು. ಸಾರಿನ ಉಪ್ಪಿಗಾದರೆ ನೀರು ಬೆರೆಸಬಹುದು.

ಏಳು ಸಲಕರಣೆಗಳಲ್ಲಿ ವಿಂಗಡಿಸುವುದು ಎಂಬುದೂ ಒಂದು. ಅದು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ಸರಳ, ಅಷ್ಟೇ ಬೇಸರದ ಕೆಲಸ. ವಾಪಸು ಬಂದ ಪಿನ್ನುಗಳನ್ನು ಯಂತ್ರವಾರು ವಿಂಗಡಿಸಿದೆ, ಸ್ಟೀಲಿನ ಲೋಡುವಾರು ವಿಂಗಡಿಸಿದೆ, ಏನೂ ಹೊಳೆಯಲಿಲ್ಲ. ಗುರುವಾರ ಸಂಜೆ, ಡಬ್ಬಿಯೊಳಗಿನ ಚೀಟಿ ನೋಡಿ ತಯಾರಾದ ದಿನದಂತೆ ರಾಶಿ ಮಾಡಿ, ಮೈಕ್ರೊಮೀಟರಿನಲ್ಲಿ ಮತ್ತೆ ಅಳೆದೆ. ದಪ್ಪ ಪಿನ್ನುಗಳೆಲ್ಲ ಶುಕ್ರವಾರದ ರಾಶಿಯಲ್ಲೇ ಇದ್ದವು. ಉಳಿದ ದಿನಗಳಲ್ಲಿ ಬಸವರಾಜು ಅದೇ ಕನ್ನಡಕದಲ್ಲಿ ಮಾಡಿದವು ಒಂದೂ ಕೆಟ್ಟಿರಲಿಲ್ಲ.

ಗಿರೀಶರಿಗೆ ಹೇಳಿದರೆ ಅವರು ಯೋಚಿಸಿ, "ರಾಹುಕಾಲ ಏನಾದ್ರೂ ಇರ್ಬಹುದಾ?" ಎಂದರು. ಅದನ್ನು ಪರಿಸರ ಎಂಬ ಕಡ್ಡಿಯ ಮೇಲೆ ಬರೆಯಬೇಕೋ ವಿಧಾನದ ಮೇಲೋ ಎಂದು ಕೇಳುವ ಮನಸ್ಸಾಯಿತು. ಬಸವರಾಜುವಿನ ಹೆಸರಂತೂ ಬೋರ್ಡಿನ ಮೇಲೆ ಹಾಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಗಿರೀಶರ ತಾಯಿ ಮಾರೇನಹಳ್ಳಿಯಿಂದ ಆಟೋದಲ್ಲಿ ಹೂವಿನ ಬುಟ್ಟಿ ಹಿಡಿದು ಬಂದರು. ಪ್ರತಿ ಶುಕ್ರವಾರ ಯಂತ್ರಗಳಿಗೆಲ್ಲ ಪೂಜೆ ಮಾಡುವವರು ಅವರೇ. ಪೂಜೆಯ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಕೈಮುಗಿದು ನಿಲ್ಲುವವಳು. ಅಂದು ದೇವರು ಕ್ಷಮಿಸಲಿ ಎಂದುಕೊಂಡು ಕಣ್ಣು ಬಿಟ್ಟುಕೊಂಡೇ ನಿಂತೆ. ಅಮ್ಮ ಲೇತಿಗೆ ಗಂಧ ಕುಂಕುಮ ಹಚ್ಚಿದರು. ಸ್ವಿಚ್ ಬೋರ್ಡಿಗೆ ಹಚ್ಚಿದರು. ಆಮೇಲೆ ಬಸವರಾಜುವಿನ ಮೇಜಿನ ಮೇಲಿದ್ದ, ಈ ಆರ್ಡರಿಗೆಂದೇ ಈಚೆಗೆ ತರಿಸಿದ ಪುಟ್ಟ ಮರದ ಪೆಟ್ಟಿಗೆ ತೆರೆದು, ಮಖಮಲ್ಲಿನ ಮೇಲೆ ಮಲಗಿದ್ದ, ಅಳತೆಗೆ ಮಾದರಿಯಾದ ಮಾಸ್ಟರ್ ಪಿನ್ನಿನ ನಟ್ಟನಡುವೆ ಉಂಗುರ ಬೆರಳಿನಿಂದ ಗಂಧ ಹಚ್ಚಿ, ಮೇಲೆ ಕುಂಕುಮವಿಟ್ಟರು.

ಆ ಮಾಸ್ಟರ್ ಪಿನ್ನನ್ನು ಡಯಲಿನ ಕೆಳಗಿಟ್ಟು ಮುಳ್ಳನ್ನು ಸೊನ್ನೆಗೆ ತಂದುಕೊಂಡೇ ಉಳಿದ ಪಿನ್ನುಗಳನ್ನು ಅಳೆಯುವುದು. ಬಸವರಾಜು ಅಳೆಯುವುದೂ ಅದರಲ್ಲೇ, ನಾನು ಪಾಸು ಮಾಡುವುದೂ ಅದರಲ್ಲೇ. ಹಚ್ಚಿದ ಕುಂಕುಮವನ್ನು ಶುಕ್ರವಾರ ಒರೆಸುವಂತಿಲ್ಲ. ಶನಿವಾರ ಬೆಳಿಗ್ಗೆ ಎಣ್ಣೆಬಟ್ಟೆಯಲ್ಲಿ ಎಲ್ಲವನ್ನೂ ಒರೆಸುವುದು ನಮ್ಮಲ್ಲಿ ವಾಡಿಕೆ. ಕುಂಕುಮ ಉದುರಿಹೋಗುತ್ತದೆ, ಗಂಧ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒಣಗಿ ಕೂರುತ್ತದೆ. ಮಾಸ್ಟರ್ ಅಷ್ಟು ದಪ್ಪವಾದರೆ ಸೊನ್ನೆಯೂ ಅಷ್ಟೇ ಸರಿಯುತ್ತದೆ, ಅದಕ್ಕೆ ಹೊಂದಿಸಿ ಮಾಡಿದ ಪಿನ್ನೂ ಅಷ್ಟೇ ದಪ್ಪವಾಗುತ್ತದೆ. ತೂತಿಗೆ ಕೂರದಿರಲು ಅಷ್ಟು ದಪ್ಪ ಸಾಕು.

ಹೇಳಿದರೆ ಮಾಲೀಕರ ತಾಯಿಯ ಮೇಲೆ, ಅದೂ ದೇವರ ಗಂಧದ ಮೇಲೆ, ತಪ್ಪು ಹೊರಿಸಿದಂತೆ. ಹೇಳದಿದ್ದರೆ ಸೋಮವಾರ ಬಸವರಾಜು ಇರುವುದಿಲ್ಲ. ಅವರಿಗೂ ಅರ್ಥವಾಗಿರಬೇಕು, ಬೇಡ ಎನ್ನುವಂತೆ ನನ್ನತ್ತ ತಲೆಯಾಡಿಸಿದರು. ಗಂಧ ಒಣಗುವವರೆಗೆ ಕಾದು, ಗಿರೀಶರನ್ನೂ ಅಮ್ಮನನ್ನೂ ಕರೆದು, ಮಾಸ್ಟರ್ ಪಿನ್ನನ್ನು ಡಯಲಿಗಿಟ್ಟು ಮುಳ್ಳನ್ನು ಸೊನ್ನೆಗೆ ತಂದೆ. ನಂತರ ಪಿನ್ನನ್ನು ಕಣ್ಣಿಗೊತ್ತಿಕೊಂಡು, ಒರೆಸಿ, ಮತ್ತೆ ಇಟ್ಟೆ. ಮುಳ್ಳು ಸೊನ್ನೆ ಬಿಟ್ಟು ಸರಿಯಿತು.

ಅಮ್ಮ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು.

"ಇಷ್ಟು ಜೋಪಾನವಾಗಿ ಮಖಮಲ್ಲಲ್ಲಿ ಇಟ್ಟಿದೀರಲ್ಲ, ಇದೇ ಮುಖ್ಯವಾದ್ದು ಅನ್ಕೊಂಡೆ ಸುಜಾತಾ. ಹಚ್ಚಬೇಡಿ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ?" ಎಂದರು.

ಆಮೇಲೆ ಬೋರ್ಡಿನ ಮುಂದೆ ಹೋಗಿ ನಿಂತು, ಮಗನ ಕೈಬರಹದ ಆ ದಪ್ಪ ಅಕ್ಷರಗಳನ್ನು ಓದಿದರು. ಸೆರಗಿನ ತುದಿಯಿಂದ 'ಬಸವರಾಜು' ಎಂಬುದನ್ನು ಉಜ್ಜಿ ಅಳಿಸಿ, "ಇಲ್ಲಿ ನನ್ನ ಹೆಸರು ಬರಿಯಪ್ಪ" ಎಂದು ಮಗನಿಗೆ ಹೇಳಿದರು. ಗಿರೀಶ್ ಮಾರ್ಕರಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಅವನ ಹೆಸರು ಬರೆಯೋವಾಗ ಕೈ ಚೆನ್ನಾಗೇ ಓಡಿತ್ತಲ್ಲ" ಎಂದರು ಅಮ್ಮ. ದನಿ ಏರಿರಲಿಲ್ಲ. ಬಸವರಾಜು ಕನ್ನಡಕ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಲೇತಿನ ಕಡೆ ಹೋದರು.

ಮಧ್ಯಾಹ್ನ ಬಂದ ಎಂಜಿನಿಯರು ಮೂಳೆಯನ್ನು ತಲೆಯಿಂದ ಬಾಲದವರೆಗೆ ಪರಿಶೀಲಿಸಿದರು. ಅಳತೆಯ ಕಡ್ಡಿಯ ಮೇಲೆ ನಾನು ಇದ್ದದ್ದನ್ನು ಇದ್ದಂತೆ ಬರೆದಿದ್ದೆ: ಮಾಸ್ಟರ್ ಪಿನ್ನಿನ ಮೇಲೆ ಒಣಗಿದ ಗಂಧ. ಅವರು ನಗಲಿಲ್ಲ. "ಒಂದ್ನಿಮಿಷ" ಎಂದು ಆಚೆ ಹೋಗಿ ತಮ್ಮ ಕಂಪನಿಗೆ ಫೋನು ಮಾಡಿ, ಅಲ್ಲಿನ ಪೂಜೆ ಯಾರು ಮಾಡುತ್ತಾರೆ ಎಂದು ವಿಚಾರಿಸಿಕೊಂಡು ಬಂದರು. ಮತ್ತೆ ಬೋರ್ಡು ನೋಡಿ, "ಮನುಷ್ಯ ಅನ್ನೋದರ ಮೇಲೆ ಏನೂ ಬರೆದಿಲ್ವಲ್ಲ, ಮರೆತ್ರಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗಿರೀಶ್ ಹೇಳಿದರು, "ಮರೆತಿಲ್ಲ ಸಾರ್. ಅಲ್ಲಿ ಯಾರೂ ಇಲ್ಲ."

ಎಂಜಿನಿಯರು ಸಹಿ ಹಾಕಿದರು. ಇಷ್ಟು ವರ್ಷ ಮೀನಿನ ಮೂಳೆ ಬರೆದ ನನಗೆ, ಒಂದು ಕಡ್ಡಿಯನ್ನು ಖಾಲಿ ಬಿಟ್ಟು ಇಷ್ಟು ನೆಮ್ಮದಿಯಾದದ್ದು ಅದೇ ಮೊದಲು.